ಹಿಲ್ಟನ್ ಕಲ್ಲನ್ನು ಊರ ಕಡೆ ಕಳಿಸಿಕೊಡಿ: ಸ್ಕಾಟ್ಲೆಂಡ್ ರಾಷ್ಟ್ರೀಯ ಮ್ಯೂಸಿಯಂ ಟ್ರಸ್ಟಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಟ್ರಸ್ಟಿಗಳೇ,

ಸುತ್ತಿಬಳಸದೆ ಹೇಳಿಬಿಡುತ್ತೇನೆ. ಎಡಿನ್‌ಬರೋದ ಚೇಂಬರ್ಸ್ ಸ್ಟ್ರೀಟ್‌ನಲ್ಲಿ, ನಿಮ್ಮ ಮ್ಯೂಸಿಯಂ ಒಳಗೆ ನಿಂತಿರುವ ಪಿಕ್ಟರ ಕಾಲದ ಕೆತ್ತನೆಯ ಕಲ್ಲು, ಹಿಲ್ಟನ್ ಆಫ್ ಕ್ಯಾಡ್‌ಬೋಲ್ ಕಲ್ಲನ್ನು, ಅದರ ಊರ ಕಡೆ, ಸ್ಕಾಟ್ಲೆಂಡಿನ ಉತ್ತರದ ಕಡಲ ದಂಡೆಯ ಹಿಲ್ಟನ್ ಕಡೆ ಕಳಿಸಿಕೊಡಿ. ಪೂರ್ತಿ ಬರೆದುಕೊಡಿ ಎಂದು ಕೇಳುತ್ತಿಲ್ಲ. ಎರವಲು ಕೊಟ್ಟರೂ ಸಾಕು. ಆದರೆ ಹದಿನೈದು ದಿನದ ಪ್ರದರ್ಶನಕ್ಕೆ ಮಾತ್ರ ಬೇಡ. ಆ ಊರಿನ ಮಕ್ಕಳು ಅದನ್ನು ನೋಡುತ್ತಾ ನೋಡುತ್ತಾ ನಾಲ್ಕು ತರಗತಿ ದಾಟುವಷ್ಟು ಕಾಲವಾದರೂ ಅಲ್ಲಿರಲಿ.

ಇದನ್ನು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೀಯ ಅಂತ ನೀವು ಕೇಳಬಹುದು. ಇಂಗ್ಲಿಷ್ ಪ್ರತಿ ನಿಮಗೆ ಬೇರೆ ಬರುತ್ತದೆ. ಇದು ಇಲ್ಲಿರುವ ನಮ್ಮವರೂ ಓದಲಿ ಅಂತ. ಕೆಲಸಕ್ಕೆ, ಓದಿಗೆ ಅಂತ ಸ್ಕಾಟ್ಲೆಂಡಿಗೆ ಬಂದು ಇಲ್ಲೇ ನೆಲೆಸಿದ ಕನ್ನಡಿಗರು ಇದ್ದೇವೆ. ಇಲ್ಲೇ ತೆರಿಗೆ ಕಟ್ಟುತ್ತೇವೆ, ಇಲ್ಲಿನ ಮಳೆಗೆ ಬೈಯುತ್ತೇವೆ. ಊರಿಂದ ಅಪ್ಪ ಅಮ್ಮ ಬಂದರೆ ಲಾಕ್ ನೆಸ್‌ಗೆ ಕರೆದುಕೊಂಡು ಹೋಗಿ ಇಲ್ಲದ ಪ್ರಾಣಿಯನ್ನು ಹುಡುಕುತ್ತೇವೆ. ಇನ್ವರ್‌ನೆಸ್‌ನಿಂದ ಇನ್ನೊಂದು ಗಂಟೆ ಉತ್ತರಕ್ಕೆ ಗಾಡಿ ಓಡಿಸಿದರೆ ನಿಜವಾಗಿ ಇರುವ ಅದ್ಭುತಗಳು ಸಿಗುತ್ತವೆ. ಅಲ್ಲಿಗೆ ಹೋಗುವವರು ಕಡಿಮೆ. ಹೋದವರಿಗೂ ಅಲ್ಲಿ ನೋಡಲು ಸಿಗುವುದು ಮುಖ್ಯ ಕಲ್ಲಿನ ಬುಡ ಮತ್ತು ಅದರ ನಕಲು. ಮಿಕ್ಕದ್ದು ನಿಮ್ಮ ಹತ್ತಿರ ಇದೆ.

ಟ್ರಸ್ಟಿಗಳಾದ ನಿಮಗೆ ಈ ಕಲ್ಲಿನ ಪರಿಚಯ ಮಾಡಿಕೊಡುವುದು ಅಧಿಕಪ್ರಸಂಗ. ಆದರೂ ಓದುಗರಿಗಾಗಿ ಸ್ವಲ್ಪ ಹೇಳಬೇಕು, ಸಹಿಸಿಕೊಳ್ಳಿ.

ಪಿಕ್ಟರು ಎಂದರೆ ಈಗಿನ ಸ್ಕಾಟ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಬಾಳಿದ ಜನ. ರೋಮನ್ನರ ಬರಹದಲ್ಲಿ ಇವರ ಹೆಸರು ಮೊದಲ ಸಲ ಕಾಣಿಸುವುದು ಕ್ರಿ.ಶ. 297ರಲ್ಲಿ. ಮುಂದೆ ಗೇಲಿಕ್ ಮಾತಾಡುವವರ ಜೊತೆ ಬೆರೆತು, ಪಿಕ್ಟರು ಎಂಬ ಹೆಸರೇ ಅಳಿದುಹೋಯಿತು. ಇವರು ಬರೆದಿಟ್ಟದ್ದರಲ್ಲಿ ನಮಗೆ ಉಳಿದದ್ದು ತೀರಾ ಕಡಿಮೆ. ಕೆತ್ತಿಟ್ಟದ್ದು ಬೇಕಾದಷ್ಟಿದೆ. ಇನ್ನೂರಕ್ಕೂ ಹೆಚ್ಚು ಕಲ್ಲುಗಳ ಮೇಲೆ ಅವೇ ಚಿಹ್ನೆಗಳು ಮತ್ತೆ ಮತ್ತೆ ಬರುತ್ತವೆ. ಅರ್ಧಚಂದ್ರ, ಅದರ ಮೇಲೆ ಮುರಿದ ಬಾಣದಂಥ ಗೆರೆ. ಜೋಡಿ ಬಿಲ್ಲೆ. ಕನ್ನಡಿ, ಬಾಚಣಿಗೆ. ಇವು ಜನರ ಹೆಸರುಗಳಿರಬಹುದು ಎಂದು ಕೆಲವರು ಹೇಳುತ್ತಾರೆ. ಎಲ್ಲರೂ ಒಪ್ಪುವಂತೆ ಓದಿದವರು ಇನ್ನೂ ಹುಟ್ಟಿಲ್ಲ.

ಹಿಲ್ಟನ್ ಕಲ್ಲು ಹೆಚ್ಚುಕಮ್ಮಿ ಕ್ರಿ.ಶ. 800ರ ಹೊತ್ತಿನದು. ಆಗ ಪಿಕ್ಟರು ಕ್ರೈಸ್ತರಾಗಿದ್ದರು. ಒಂದು ಬದಿಗೆ ದೊಡ್ಡ ಶಿಲುಬೆ, ಇನ್ನೊಂದು ಬದಿಗೆ ಹಳೆಯ ಚಿಹ್ನೆಗಳು ಮತ್ತು ಬೇಟೆಯ ದೃಶ್ಯ. ಮರಳುಗಲ್ಲಿನ ಹಲಗೆ. ಎಡಿನ್‌ಬರೋದಲ್ಲಿರುವ ಭಾಗವೇ ಸುಮಾರು ಏಳೂವರೆ ಅಡಿ ಎತ್ತರ.

ಆ ಬೇಟೆಯ ಚೌಕದ ಎದುರು ಸುಮ್ನೆ ಹತ್ತು ನಿಮಿಷ ನಿಂತುಕೊಳ್ಳಬೇಕು. ಮೊದಲು ಕಣ್ಣಿಗೆ ಬೀಳುವವಳು ಒಬ್ಬ ಹೆಂಗಸು. ಕುದುರೆಯ ಮೇಲೆ ಎರಡೂ ಕಾಲು ಒಂದೇ ಕಡೆ ಹಾಕಿ ಕೂತಿದ್ದಾಳೆ. ಸುತ್ತ ಎಲ್ಲರೂ ಪಕ್ಕಕ್ಕೆ ಮುಖ ಮಾಡಿ ಓಡುತ್ತಿದ್ದರೆ ಇವಳು ಮಾತ್ರ ನೇರ ನಮ್ಮನ್ನೇ ನೋಡುತ್ತಾಳೆ. ಎದೆಯ ಮೇಲೆ ಸೆರಗು ಹಿಡಿದಿಡುವ ದೊಡ್ಡ ದುಂಡು ಪಿನ್ನು. ಅವಳ ಹತ್ತಿರವೇ ಮೂಲೆಯಲ್ಲಿ ಕನ್ನಡಿ, ಬಾಚಣಿಗೆ. ಅವಳ ಕುದುರೆಯ ಗೆರೆಯ ಆಚೆಗೆ, ಒಂದು ಎಳೆಯಷ್ಟು ಬಿಟ್ಟು, ಇನ್ನೊಂದು ಕುದುರೆಯ ಮೂತಿ ಕಾಣುತ್ತದೆ. ಅಂದರೆ ಜೊತೆಗೆ ಇನ್ನೊಬ್ಬ ಸವಾರ ಇದ್ದಾನೆ, ಅವಳ ಮರೆಯಲ್ಲಿ. ಕೆತ್ತಿದವನು ಆ ಗಂಡಸನ್ನು ಬರೀ ಅಂಚಿನಷ್ಟಕ್ಕೆ ಇಳಿಸಿಬಿಟ್ಟಿದ್ದಾನೆ! ಬಲಗಡೆ ಇಬ್ಬರು ಕೊಂಬು ಊದುತ್ತಿದ್ದಾರೆ. ಕೆಳಗೆ ಈಟಿ, ಗುರಾಣಿ ಹಿಡಿದ ಸವಾರರು. ಅವರ ಮುಂದೆ ಬೇಟೆನಾಯಿಗಳು ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುತ್ತಿವೆ. ಸುತ್ತಲೂ ಅಂಚಿನಲ್ಲಿ ಬಳ್ಳಿ ಸುರುಳಿ, ಆ ಸುರುಳಿಯೊಳಗೆ ಹಕ್ಕಿಗಳು, ಮೃಗಗಳು.

ಅವಳು ಯಾರು? ಆ ನಾಡಿನ ಒಡತಿ ಅನ್ನುವವರಿದ್ದಾರೆ. ಮೇರಿ ಮಾತೆಯ ನೆರಳು ಇದೆ ಅನ್ನುವವರೂ ಇದ್ದಾರೆ. ನನಗಂತೂ ಒಡತಿ ಅಂತಲೇ ಅನಿಸುತ್ತದೆ. ಅಷ್ಟು ಧಿಮಾಕಿನಿಂದ ಕೂತಿದ್ದಾಳೆ.

ಈಗ ಇನ್ನೊಂದು ಬದಿಗೆ ಬನ್ನಿ. ಅಲ್ಲಿ ಶಿಲುಬೆ ಇಲ್ಲ. 1676ರಲ್ಲಿ ಯಾರೋ ಕಲ್ಲುಕುಟಿಗನ ಕೈಯಲ್ಲಿ ಅದನ್ನು ಪೂರ್ತಿ ಕೆತ್ತಿ ತೆಗೆಸಿ, ಮಟ್ಟ ಮಾಡಿಸಿ, ಸಮಾಧಿಯ ಬರಹ ಹಾಕಿಸಿದರು. ಚೆನ್ನಾಗಿ ಬದುಕಿದವನು ಚೆನ್ನಾಗಿ ಸಾಯುತ್ತಾನೆ ಎಂದ ಜ್ಞಾನಿ ಸಾಲೊಮನ್, ಇಲ್ಲಿ ಮಲಗಿದ್ದಾನೆ ಅಲೆಕ್ಸಾಂಡರ್ ಡಫ್, ಜೊತೆಗೆ ಅವನ ಮೂವರು ಹೆಂಡಿರು: ಇಷ್ಟು ಅದರ ಸಾರ. ಒಂದು ಬದಿಯಲ್ಲಿ ಗಂಡಸನ್ನು ಮರೆಗೆ ತಳ್ಳಿ ಕೂತ ಹೆಂಗಸು, ಇನ್ನೊಂದು ಬದಿಯಲ್ಲಿ ಗಂಡನ ಬಾಲಕ್ಕೆ ಕಟ್ಟಿದ ಮೂವರು. ನಡುವೆ ಒಂದು ಗೇಣಿನಷ್ಟೂ ಇಲ್ಲದ ಕಲ್ಲು, ಎಂಟೊಂಬತ್ತು ನೂರು ವರ್ಷ.

ಆ ಮೇಲೆ ಶುರುವಾಯಿತು ಕಲ್ಲಿನ ಅಲೆದಾಟ. ಹಿಲ್ಟನ್ ಕಡಲ ದಂಡೆಯ ಹಳೆಯ ಚಾಪೆಲ್ (ಪುಟ್ಟ ಪ್ರಾರ್ಥನಾ ಮಂದಿರ) ಪಕ್ಕದಲ್ಲಿ ಇದ್ದದ್ದನ್ನು 1860ರ ದಶಕದಲ್ಲಿ ಜಮೀನುದಾರರಾದ ಮೆಕ್ಲೌಡ್ ಮನೆತನ ಇನ್ವರ್‌ಗಾರ್ಡನ್ ಕೋಟೆಗೆ ಸಾಗಿಸಿತು. ತೋಟದ ಅಲಂಕಾರಕ್ಕೆ ಚೆನ್ನಾಗಿರುತ್ತದಲ್ವಾ! 1921ರಲ್ಲಿ ಅದೇ ಮನೆತನದವರು ಇದನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ದಾನ ಕೊಟ್ಟರು. ಸ್ಕಾಟ್ಲೆಂಡಿನಲ್ಲಿ ದೊಡ್ಡ ಗಲಾಟೆ ಎದ್ದಿತು. ನಮ್ಮ ಕಲ್ಲು ನಮ್ಮ ನಾಡಲ್ಲೇ ಇರಬೇಕು ಎಂದು ಬಲ್ಲವರು, ಪತ್ರಿಕೆಯವರು ಎಲ್ಲರೂ ಕೂಗಿದರು. ಅದೇ ವರ್ಷ ಕಲ್ಲು ಎಡಿನ್‌ಬರೋಗೆ ವಾಪಸ್ ಬಂತು. ನಿಮ್ಮ ಸಂಸ್ಥೆಯ ಹಿಂದಿನ ರೂಪವಾದ ಪ್ರಾಚ್ಯವಸ್ತು ಮ್ಯೂಸಿಯಂ ಅದನ್ನು ಬರಮಾಡಿಕೊಂಡಿತು.

ನನ್ನ ತಕರಾರು ಇರುವುದು ಇಲ್ಲೇ. 1921ರಲ್ಲಿ ಲಂಡನ್ನಿಗೆ ಹೇಳಿದ ಮಾತೇನು? ಕಲ್ಲು ಅದು ಹುಟ್ಟಿದ ಕಡೆ ಇರಬೇಕು, ದೊಡ್ಡ ರಾಜಧಾನಿಯ ದೊಡ್ಡ ಮ್ಯೂಸಿಯಂ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋಗಬಾರದು ಅಂತ. ಒಳ್ಳೆಯ ಮಾತು. ಆದರೆ ಆ ಮಾತು ಎಡಿನ್‌ಬರೋಗೆ ಬಂದು ನಿಂತುಬಿಟ್ಟಿತು. ಅಲ್ಲಿಂದ ಮುಂದಕ್ಕೆ, ಇನ್ವರ್‌ನೆಸ್ ದಾಟಿ, ಹಿಲ್ಟನ್‌ವರೆಗೆ ಹೋಗಲಿಲ್ಲ. ಲಂಡನ್ನಿಗೆ ಎಡಿನ್‌ಬರೋ ಎಷ್ಟು ದೂರವೋ, ಎಡಿನ್‌ಬರೋಗೆ ಹಿಲ್ಟನ್ ಇರುವ ಈಸ್ಟರ್ ರಾಸ್ ಸೀಮೆಯ ಮೀನುಗಾರರ ಕೇರಿ ಮನಸ್ಸಿನಲ್ಲಿ ಅದಕ್ಕಿಂತ ದೂರ. ಕಲ್ಲು ಊರು ಬಿಟ್ಟು ನೂರೈವತ್ತು ವರ್ಷದ ಮೇಲಾಯಿತು.

ಹಾಗಂತ ಊರವರು ಮರೆತರೇ? ಇಲ್ಲ. ಹಿಲ್ಟನ್, ಬಾಲಿಂಟೋರ್, ಶ್ಯಾಂಡ್‌ವಿಕ್ ಮೂರೂ ಒಂದಕ್ಕೊಂದು ಅಂಟಿಕೊಂಡ ಕಡಲ ಹಳ್ಳಿಗಳು. ಜಮೀನುದಾರರು ರೈತರ ಹೊಲ ಗದ್ದೆ ಕಿತ್ತುಕೊಂಡು ಒಕ್ಕಲೆಬ್ಬಿಸಿದ ಕಾಲವನ್ನು ಕಂಡ ನಾಡು ಅದು. ಸಿಯಾನ್ ಜೋನ್ಸ್ ಎಂಬ ವಿದ್ವಾಂಸೆ ಅಲ್ಲಿನ ಜನರ ನಡುವೆ ಇದ್ದು ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಗಿದೆ. ನಿಮ್ಮಲ್ಲಿ ಅದನ್ನು ಓದದವರು ಇರಲಿಕ್ಕಿಲ್ಲ. ಊರವರು ಆ ಕಲ್ಲಿನ ಬಗ್ಗೆ ಮನೆಯ ಮನುಷ್ಯನ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾರೆ, ಅದು ಇಲ್ಲೇ ಹುಟ್ಟಿದ್ದು, ಇಲ್ಲಿಗೇ ಸೇರಿದ್ದು ಎನ್ನುತ್ತಾರೆ ಎಂದು ಅದರಲ್ಲಿ ಇದೆ.

ಬಾಯಿಮಾತಿನಲ್ಲೇ ಅವರು ನಿಲ್ಲಿಸಲಿಲ್ಲ. ಬ್ಯಾರಿ ಗ್ರೋವ್ ಎಂಬ ಶಿಲ್ಪಿ ಪೂರ್ಣ ಗಾತ್ರದ ತದ್ರೂಪು ಕೆತ್ತಿದರು. 2000ದಲ್ಲಿ ಅದನ್ನು ಚಾಪೆಲ್ ಪಕ್ಕದಲ್ಲೇ ನಿಲ್ಲಿಸಲಾಯಿತು. ಆಗ ಬೇಟೆಯ ಬದಿ ಮಾತ್ರ ಆಗಿತ್ತು. ಶಿಲುಬೆಯ ಬದಿ ಹೇಗಿತ್ತೆಂದು ಯಾರಿಗೆ ಗೊತ್ತು? ಕುಟಿಗನ ಉಳಿಗೆ ಹೋಗಿ ಮುನ್ನೂರು ವರ್ಷ ಆಗಿತ್ತಲ್ಲ.

ಗೊತ್ತಾಯಿತು. ಚಾಪೆಲ್ ಸುತ್ತ ಅಗೆದಾಗ 1998ರಲ್ಲಿ ಮತ್ತು 2001ರಲ್ಲಿ ಸಾವಿರಾರು ಚಕ್ಕೆಗಳು ಸಿಕ್ಕವು. 1676ರಲ್ಲಿ ಉಳಿ ಏಟಿಗೆ ಹಾರಿದ ಚಕ್ಕೆಗಳೇ. ಕೆಲಸದವನು ಅವನ್ನು ಎಲ್ಲೂ ಸಾಗಿಸದೆ ಅಲ್ಲೇ ಬಿಟ್ಟು ಹೋಗಿದ್ದ! ಅವನ ಸೋಮಾರಿತನಕ್ಕೆ ಕೈಮುಗಿಯಬೇಕು. ಹೆಬ್ಬೆರಳುಗುರಿನಷ್ಟು ಚೂರಿನ ಮೇಲೆ ಹೆಣಿಗೆಯ ಒಂದು ತಿರುವು, ಇನ್ನೊಂದರ ಮೇಲೆ ಯಾವುದೋ ಪ್ರಾಣಿಯ ಅಂಗ. ಅವನ್ನು ಆಯ್ದು, ತೊಳೆದು, ಹೊಂದಿಸಿ ನೋಡುವ ಕೆಲಸ ವರ್ಷಗಟ್ಟಲೆ ನಡೆಯಿತು. ಅದರ ಆಧಾರದಲ್ಲಿ ತದ್ರೂಪಿನ ಶಿಲುಬೆ ಬದಿಯೂ 2005ರಲ್ಲಿ ಮುಗಿಯಿತು.

2001ರಲ್ಲಿ ಇನ್ನೂ ದೊಡ್ಡದೊಂದು ಸಿಕ್ಕಿತು. ಕಲ್ಲಿನ ಬುಡ. ನೆಟ್ಟ ಹಾಗೇ ಮಣ್ಣೊಳಗೆ ನಿಂತಿತ್ತು. ಹೂತಿದ್ದರಿಂದ ಕುಟಿಗನ ಏಟು ತಪ್ಪಿಸಿಕೊಂಡು, ಶಿಲುಬೆಯ ಕೆಳಗಿನ ಭಾಗ ಅದರಲ್ಲಿ ಹಾಗೇ ಉಳಿದಿದೆ. ಕಲ್ಲು ಒಂದು ಸಲ ಬಿದ್ದು, ಅದೇ ಜಾಗದಲ್ಲಿ ಮತ್ತೆ ನೆಟ್ಟಿದ್ದರು ಎಂಬುದೂ ಅಗೆತದಿಂದ ತಿಳಿಯಿತು. ಅಂದರೆ ಹಳೆಯ ಕಾಲದಲ್ಲೂ ಈ ಊರಿನವರು ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಿದವರು. ಬುಡವನ್ನೂ ಎಡಿನ್‌ಬರೋಗೆ ಒಯ್ದುಬಿಡುತ್ತಾರೆ ಎಂದು ಜನ ಹೆದರಿದರು. ಜಗಳ ಆಯಿತು. ಕೊನೆಗೆ ಅದು ಅಲ್ಲೇ ಉಳಿಯಿತು. ಇವತ್ತು ಬಾಲಿಂಟೋರ್‌ನ ಸೀಬೋರ್ಡ್ ಮೆಮೋರಿಯಲ್ ಹಾಲ್‌ನಲ್ಲಿ ಇದೆ. ಊರಿನ ಸಮುದಾಯ ಭವನ ಅದು. ಚಕ್ಕೆಗಳು ನಿಮ್ಮ ವಶದಲ್ಲಿವೆ.

ಹೀಗೆ ಒಂದೇ ಕಲ್ಲು ಮೂರು ಪಾಲಾಗಿದೆ. ಮೈ ಎಡಿನ್‌ಬರೋದಲ್ಲಿ, ಪಾದ ಬಾಲಿಂಟೋರ್‌ನಲ್ಲಿ, ಮುಖ ಚೂರು ಚೂರಾಗಿ ನಿಮ್ಮ ಹತ್ತಿರ. ಮೂರನ್ನೂ ಒಂದೇ ಸೂರಿನಡಿ ತನ್ನಿ, ಆ ಸೂರು ಈಸ್ಟರ್ ರಾಸ್‌ನಲ್ಲಿರಲಿ. ನನ್ನ ಬೇಡಿಕೆ ಇಷ್ಟೇ.

ನಿಮ್ಮ ಕಡೆಯ ಮಾತೂ ನನಗೆ ತಿಳಿಯುತ್ತದೆ. ಮರಳುಗಲ್ಲಿಗೆ ಉಪ್ಪುಗಾಳಿ ಆಗಿಬರುವುದಿಲ್ಲ. ಒಪ್ಪಿದೆ. ಬಯಲಲ್ಲಿ ನಿಲ್ಲಿಸಿ ಎಂದು ನಾನೂ ಹೇಳುವುದಿಲ್ಲ. ಬಯಲಿಗೆ ತದ್ರೂಪು ಇದೆ, ಚೆನ್ನಾಗಿಯೇ ಇದೆ. ಮೂಲ ಕಲ್ಲು ಒಳಗಿರಲಿ. ಪಕ್ಕದ ಶ್ಯಾಂಡ್‌ವಿಕ್‌ನಲ್ಲಿರುವ ಪಿಕ್ಟರ ಕಲ್ಲು ಅದರ ಗುಡ್ಡದ ಮೇಲೇ ಗಾಜಿನ ಗೂಡಿನೊಳಗೆ ನಿಂತಿದೆ. ಹತ್ತಿರದ ನಿಗ್ ಊರಿನ ಪಿಕ್ಟರ ಕಲ್ಲು ಅಲ್ಲಿನ ಹಳೆಯ ಚರ್ಚಿನೊಳಗೆ ಬೆಚ್ಚಗಿದೆ. ಆ ಪುಟ್ಟ ಸೀಮೆಗೆ ಕಲ್ಲು ಕಾಪಾಡುವುದು ಗೊತ್ತಿದೆ. ತೇವ, ಬೆಳಕು, ಬೀಗ ಇವುಗಳ ವಿಷಯದಲ್ಲಿ ನಿಮ್ಮ ಪರಿಣತರು ಹೇಳಿದ ಹಾಗೆ ಒಂದು ಕೋಣೆ ಮಾಡಬಹುದು. ಖರ್ಚಾಗುತ್ತದೆ, ನಿಜ. ಅದಕ್ಕೆ ದುಡ್ಡು ಎತ್ತುವುದು ಊರಿನ ಮೇಲೆ ಮಾತ್ರ ಹಾಕಬೇಡಿ.

ಎಡಿನ್‌ಬರೋದಲ್ಲಿ ಲಕ್ಷಗಟ್ಟಲೆ ಜನ ನೋಡುತ್ತಾರೆ, ಹಳ್ಳಿಗೆ ಯಾರು ಬರುತ್ತಾರೆ ಎಂಬುದು ಎರಡನೇ ಮಾತು. ಇದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಲೆಕ್ಕದ ಮೇಲೆ ಹೋದರೆ ಕಲ್ಲು ಲಂಡನ್ನಿನಲ್ಲೇ ಇರಬೇಕಿತ್ತು. ಅಲ್ಲದೆ ನೋಡುವ ರೀತಿಯೂ ಬೇರೆ. ನಿಮ್ಮಲ್ಲಿ ಅದು ನೂರಾರು ಒಳ್ಳೆಯ ವಸ್ತುಗಳ ನಡುವೆ ಒಂದು. ಅಲ್ಲಾದರೆ ಬೆಳಿಗ್ಗೆ ಹಿಲ್ಟನ್ ಕಲ್ಲು, ಮಧ್ಯಾಹ್ನ ಶ್ಯಾಂಡ್‌ವಿಕ್, ಸಂಜೆ ನಿಗ್. ಉತ್ತರಕ್ಕೆ ಕೆಲವೇ ಮೈಲಿ ಹೋದರೆ ಪೋರ್ಟ್‌ಮಹೋಮಾಕ್. ಅಲ್ಲಿ ಮಾರ್ಟಿನ್ ಕಾರ್ವರ್ ಅವರ ತಂಡ 1994ರಿಂದ 2007ರವರೆಗೆ ಅಗೆದು, ಪಿಕ್ಟರ ಮಠವೊಂದನ್ನೇ ಹೊರತೆಗೆಯಿತು. ಕರುವಿನ ಚರ್ಮ ಹದ ಮಾಡಿ ಪುಸ್ತಕದ ಹಾಳೆ ತಯಾರಿಸುತ್ತಿದ್ದ ಜಾಗವೂ ಸಿಕ್ಕಿತು. ಮಠ ಸುಟ್ಟುಹೋದದ್ದು ಕೂಡ ಹೆಚ್ಚುಕಮ್ಮಿ 800ರ ಸುಮಾರಿಗೇ. ಈ ಕಲ್ಲುಗಳನ್ನು ಕೆತ್ತಿದ ಕೈಗಳು ಆ ಮಠದ ಸುತ್ತಮುತ್ತ ಓಡಾಡಿದ್ದವೇ ಇರಬೇಕು. ಒಂದೇ ದಿನದಲ್ಲಿ ಇಷ್ಟನ್ನೂ ಒಟ್ಟಿಗೆ ನೋಡುವ ಅವಕಾಶ ಇನ್ನೆಲ್ಲಿದೆ? ಎಡಿನ್‌ಬರೋದಲ್ಲಂತೂ ಇಲ್ಲ.

ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೈಚಾಚುತ್ತಾರೆ ಎಂಬ ಭಯ ಮೂರನೆಯದು. ಮ್ಯೂಸಿಯಂಗಳು ಇದನ್ನು ಜೋರಾಗಿ ಹೇಳುವುದಿಲ್ಲ, ಒಳಗೊಳಗೇ ಹೇಳಿಕೊಳ್ಳುತ್ತವೆ. ಇದಕ್ಕೆ ಉತ್ತರ ನಿಮ್ಮ ಕಡತದಲ್ಲೇ ಇದೆ. ಕೆನಡಾದ ಮೂಲನಿವಾಸಿಗಳಾದ ನಿಸ್ಗಾ ಜನರ ಸ್ಮಾರಕ ಕಂಬ, ಹನ್ನೊಂದು ಮೀಟರ್ ಉದ್ದದ್ದು. 1929ರಲ್ಲಿ ಅವರ ಒಪ್ಪಿಗೆ ಇಲ್ಲದೆ ಕಿತ್ತು ತಂದು ನಿಮ್ಮ ಮ್ಯೂಸಿಯಂಗೆ ಮಾರಿದ್ದರು. ನಿಸ್ಗಾ ಹಿರಿಯರು ಬಂದು ಕೇಳಿದರು. ನೀವು ಒಪ್ಪಿದಿರಿ, ಸ್ಕಾಟ್ಲೆಂಡ್ ಸರ್ಕಾರ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಅದು ಸೇನಾ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿ ಮನೆ ಸೇರಿತು. ಆ ಸುದ್ದಿ ಓದಿದ ದಿನ ನನಗೆ ನಿಮ್ಮ ಬಗ್ಗೆ ನಿಜಕ್ಕೂ ಹೆಮ್ಮೆ ಅನಿಸಿತು. ಆ ಕಂಬದಲ್ಲಿ ಜೀವ ಇದೆ ಎಂದು ಅವರು ಹೇಳಿದ್ದನ್ನು ನೀವು ತಾಳ್ಮೆಯಿಂದ ಕೇಳಿದಿರಿ. ನಿಮ್ಮದೇ ದೇಶದ ಕಡಲ ತಡಿಯ ಜನ ಹೆಚ್ಚುಕಮ್ಮಿ ಅದನ್ನೇ ಹೇಳಿದರೆ ಕೇಳಿಸಿಕೊಳ್ಳಲು ಏನು ಕಷ್ಟ?

ಹೌದು, ಎರಡೂ ಒಂದೇ ಅಲ್ಲ. ಕಂಬವನ್ನು ಒಪ್ಪಿಗೆಯಿಲ್ಲದೆ ತಂದದ್ದು. ಹಿಲ್ಟನ್ ಕಲ್ಲು ನಿಮಗೆ ಕಾನೂನಿನ ದಾರಿಯಲ್ಲೇ ಬಂದಿದೆ. ಅದಕ್ಕೇ ನಾನು ಎರವಲು ಅಂತಿರುವುದು. ಅದಕ್ಕೂ ಮಾದರಿ ಇದೆ. ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಸಿಕ್ಕ, ಚದುರಂಗದ ಕಾಯಿಗಳೇ ಹೆಚ್ಚಾಗಿರುವ ನಿಧಿಯಲ್ಲಿ 82 ವಸ್ತುಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ, 11 ನಿಮ್ಮಲ್ಲಿವೆ. ಬ್ರಿಟಿಷ್ ಮ್ಯೂಸಿಯಂ ತನ್ನ ಪಾಲಿನಿಂದ ಆರು ಕಾಯಿಗಳನ್ನು ಅದೇ ದ್ವೀಪದ ಸ್ಟೋರ್ನೊವೇ ಊರಿನ ಲ್ಯೂಸ್ ಕೋಟೆಯ ಮ್ಯೂಸಿಯಂಗೆ ದೀರ್ಘಕಾಲದ ಎರವಲಾಗಿ ಕೊಟ್ಟಿದೆ. ಲಂಡನ್ನಿನವರೇ ಇಷ್ಟು ಮಾಡಿರುವಾಗ!

ನಾನೊಬ್ಬ ಹೊರಗಿನವನು, ಇದರಲ್ಲಿ ನನಗೇನು ಕೆಲಸ ಎಂದು ಯಾರಾದರೂ ಕೇಳಿಯಾರು. ನಮ್ಮ ಕಡೆಯೂ ಇದೇ ಕಥೆ ಇದೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಹೆಸರಾದ ಹಲ್ಮಿಡಿ ಶಾಸನ ಹಾಸನ ಜಿಲ್ಲೆಯ ಒಂದು ಸಣ್ಣ ಊರಿನದು. ಮೂಲ ಕಲ್ಲು ದೂರದ ನಗರದಲ್ಲಿ ಸರ್ಕಾರದ ವಶದಲ್ಲಿ, ಊರಲ್ಲಿ ಅದರ ಪ್ರತಿಕೃತಿ. ನಮ್ಮ ಕಡೆಯವರು ಸರಿ, ಎಡಿನ್‌ಬರೋದವರು ತಪ್ಪು ಎಂದು ಹೇಳಲು ನಾನು ಬಂದಿಲ್ಲ. ಕಲ್ಲು ನಗರಕ್ಕೆ, ನಕಲು ಹಳ್ಳಿಗೆ ಎಂಬ ಏರ್ಪಾಡು ಎರಡೂ ಕಡೆ ನಮಗೆ ಎಷ್ಟು ಸಹಜ ಅನಿಸಿಬಿಟ್ಟಿದೆ ನೋಡಿ.

ಒಂದು ವಿಷಯ ಸ್ಪಷ್ಟವಾಗಿರಲಿ. ಆ ಮೂರು ಊರಿನ ಪರವಾಗಿ ಮಾತಾಡುವ ಹಕ್ಕು ನನಗಿಲ್ಲ. ಅಲ್ಲೂ ಎಲ್ಲರಿಗೂ ಒಂದೇ ಅಭಿಪ್ರಾಯ ಇರಲಾರದು. ತದ್ರೂಪು ಸಾಕು, ಅದೇ ಈಗ ನಮ್ಮದು ಎನ್ನುವವರು ಇರಬಹುದು. ದೊಡ್ಡ ಕಲ್ಲು ಬಂದರೆ ಕಾಯುವವರು ಯಾರು ಎನ್ನುವವರೂ ಇರಬಹುದು. ಹಾಗಾಗಿ ಮೊದಲ ಹೆಜ್ಜೆ ಲಾರಿ ಕ್ರೇನ್ ಅಲ್ಲ, ಹೋಗಿ ಕೇಳುವುದು. ಯಾವ ಷರತ್ತುಗಳು ಈಡೇರಿದರೆ ಕಲ್ಲನ್ನು ಎರವಲು ಕೊಡುತ್ತೀರಿ ಎಂಬುದನ್ನು ಬರೆದು, ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ಎಷ್ಟು ತೇವಾಂಶ, ಎಂಥ ಗಾಜು, ಎಷ್ಟು ವಿಮೆ, ಯಾರ ಪಾಲು ಎಷ್ಟು. ಆಗುವುದಿಲ್ಲ ಎನ್ನುವುದಾದರೂ ಕಾರಣ ಸಮೇತ ಹೇಳಿ. ಈ ನಡುವೆ ಚಕ್ಕೆಗಳಲ್ಲಿ ಒಂದಷ್ಟನ್ನಾದರೂ ಬಾಲಿಂಟೋರ್‌ಗೆ ಕಳಿಸಿ, ಬುಡದ ಪಕ್ಕ ಇಡಿಸಿ. ಅವು ಹೊರಬಂದದ್ದು ಅಲ್ಲಿನ ಮಣ್ಣಿಂದಲೇ. ಅದಕ್ಕೆ ದೊಡ್ಡ ಕೋಣೆಯೂ ಬೇಡ, ಕ್ರೇನೂ ಬೇಡ.

ಇಲ್ಲಿನ ಕನ್ನಡಿಗರಿಗೆ ಒಂದು ಮಾತು. ಬರುವ ಬೇಸಿಗೆಯಲ್ಲಿ ಉತ್ತರಕ್ಕೆ ಗಾಡಿ ತಿರುಗಿಸಿದರೆ ಟೇನ್ ಊರಿಗೆ ಮೊದಲೇ ಬಲಕ್ಕೆ ಹೊರಳಿ. ಬಾಲಿಂಟೋರ್‌ನಲ್ಲಿ ಕಡಲಂಚಿನ ಬಂಡೆಯ ಮೇಲೆ ಮತ್ಸ್ಯಕನ್ಯೆಯ ಪ್ರತಿಮೆ ಇದೆ, ಫೋಟೋ ತೆಗೆಯುವವರೆಲ್ಲ ಅಲ್ಲೇ ನಿಲ್ಲುತ್ತಾರೆ. ನೀವೂ ನಿಲ್ಲಿ, ಪರವಾಗಿಲ್ಲ. ಆಮೇಲೆ ಹಾಲ್‌ಗೆ ಹೋಗಿ ಬುಡ ನೋಡಿ, ಹಿಲ್ಟನ್‌ಗೆ ನಡೆದು ತದ್ರೂಪು ನೋಡಿ. ಎಡಿನ್‌ಬರೋಗೆ ಮರಳಿದ ಮೇಲೆ ಮ್ಯೂಸಿಯಂಗೆ ಹೋಗಿ ಮೂಲ ಕಲ್ಲಿನ ಎದುರು ನಿಲ್ಲಿ, ಪ್ರವೇಶಕ್ಕೆ ದುಡ್ಡಿಲ್ಲ. ನಿಮಗೂ ನನ್ನ ಹಾಗೇ ಅನಿಸಿದರೆ ಟ್ರಸ್ಟಿಗಳಿಗೆ ನಾಲ್ಕು ಸಾಲು ಬರೆಯಿರಿ. ಅನಿಸದಿದ್ದರೆ ನನಗೆ ಬರೆಯಿರಿ, ವಾದ ಮಾಡೋಣ.

ಟ್ರಸ್ಟಿಗಳೇ, ಉತ್ತರವನ್ನು ನನಗೆ ಕೊಡುವುದು ಬೇಡ, ಆ ಊರುಗಳಿಗೆ ಕೊಡಿ. ಸಭೆಯನ್ನು ಬಾಲಿಂಟೋರ್‌ನ ಹಾಲ್‌ನಲ್ಲೇ ಇಡಿ. ಸಂಜೆ ಹೊತ್ತು ಇಟ್ಟರೆ ಕೆಲಸ ಮುಗಿಸಿ ಬರುವವರಿಗೆ ಅನುಕೂಲ. ರೈಲಿನಲ್ಲಿ ಬರುವುದಾದರೆ ಹತ್ತಿರದ ಸ್ಟೇಷನ್ ಫರ್ನ್. ವಾಪಸ್ ಗಾಡಿಯ ಹೊತ್ತು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ರಾತ್ರಿ ಅಲ್ಲೇ ಉಳಿಯಬೇಕಾದೀತು, ಉಳಿದರೂ ಒಳ್ಳೆಯದೇ.

ಇಂತಿ,
ಸ್ಕಾಟ್ಲೆಂಡಿನಲ್ಲಿರುವ ಒಬ್ಬ ಕನ್ನಡಿಗ